ಹುಲಿಗಿಗೆ ಹೇಳದ ಮಾತು

ಎಳ್ಳೆಣ್ಣೆಯಲ್ಲಿ ಕರ್ಪೂರ ಕರಗಿಸಿ ಬಿಸಿ ಮಾಡಿದರೆ ಒಂದು ವಾಸನೆ ಬರುತ್ತದೆ. ನೋವಿದ್ದಲ್ಲಿ ತಿಕ್ಕಲು ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ನನಗೆ ಆ ವಾಸನೆ ಆಗುವುದಿಲ್ಲ. ಮನೆಯಲ್ಲಿ ಯಾರಿಗೆ ಕೀಲು ಹಿಡಿದರೂ ಅಂಗಡಿಯಿಂದ ಮುಲಾಮು ತಂದುಕೊಡುತ್ತೇನೆ, ಎಣ್ಣೆ ಕಾಯಿಸಲು ಬಿಡುವುದಿಲ್ಲ. ಯಾಕೆಂದು ಗಂಡ ಒಮ್ಮೆ ಕೇಳಿದರು. ತಲೆನೋವು ಬರುತ್ತದೆ ಎಂದೆ.

ನಾನು ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೇಬಲ್. ಗಂಗಾವತಿಯಲ್ಲಿದ್ದೇನೆ. ಹೋದ ಚಳಿಗಾಲದಲ್ಲಿ ಹೊಸ ಭರ್ತಿಯ ದೈಹಿಕ ಪರೀಕ್ಷೆ ಕೊಪ್ಪಳದ ಮೈದಾನದಲ್ಲಿ ನಡೆದಾಗ ಹುಡುಗಿಯರ ಸಾಲು ನೋಡಿಕೊಳ್ಳಲು ನನ್ನನ್ನು ಹಾಕಿದ್ದರು. ಬೆಳಗಿನ ಚಳಿಗೆ ಶಾಲು ಹೊದ್ದು ಕುಳಿತಿದ್ದ ಆ ಹುಡುಗಿಯರ ನಡುವೆ ಹಾದುಹೋಗುವಾಗ ಎಲ್ಲಿಂದಲೋ ಆ ವಾಸನೆ ಬಂತು. ತಿರುಗಿ ನೋಡಿದೆ. ಒಬ್ಬಳು ನೆಲದ ಮೇಲೆ ಎರಡೂ ಅಂಗಾಲು ಜೋಡಿಸಿ ಕುಳಿತಿದ್ದಳು. ಅವಳ ಗೆಳತಿ ಎದುರಿಗೆ ಮಂಡಿಯೂರಿ, ಅವಳ ಮೊಣಕಾಲುಗಳನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತುತ್ತಿದ್ದಳು. ಕುಳಿತವಳು ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡಿದ್ದಳು.

"ಬಿಡು ಅಕಿನ್ನ! ಕೈ ತಗಿ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಆ ಕಡೆ ಎತ್ತರ ಅಳೆಯುತ್ತಿದ್ದ ಸಾಹೇಬರು ಕೂಡ ತಿರುಗಿ ನೋಡಿದರು. ಒತ್ತುತ್ತಿದ್ದ ಹುಡುಗಿ ಹೆದರಿ ಎದ್ದು ನಿಂತು, "ತಪ್ಪಾತ್ರಿ ಮೇಡಂ" ಎಂದಳು. ಅವಳದೇನು ತಪ್ಪು? ಏಳು ವರ್ಷದ ಹಿಂದೆ ಇದೇ ಮೈದಾನದಲ್ಲಿ ಹಾಗೆ ಒತ್ತುತ್ತಿದ್ದವಳು ನಾನು. ನನ್ನ ಕೈಯ ಕೆಳಗೆ ಕುಳಿತಿದ್ದವಳು ಹುಲಿಗೆಮ್ಮ.

ಭಾಗ್ಯನಗರದಲ್ಲಿ ನಮ್ಮದು ಒಂದೇ ಓಣಿ. ಶಾಲೆಗೆ ತಡವಾಗಿ ಹಾಕಿದ್ದರಿಂದ ಅವಳು ನನಗಿಂತ ಎರಡು ವರ್ಷ ದೊಡ್ಡವಳು, ಆದರೂ ನನ್ನದೇ ಕ್ಲಾಸು. ನಾನು ಅವಳಿಗೆ ದ್ಯಾಮಿ, ಅವಳು ನನಗೆ ಹುಲಿಗಿ. ಪಿಯುಸಿ ಮುಗಿದ ಮೇಲೆ ಇಬ್ಬರೂ ಕೂದಲು ಬಿಡಿಸುವ ಕೆಲಸಕ್ಕೆ ಕುಳಿತೆವು. ಬಾಚುವಾಗ ಉದುರಿದ ಹೆಣ್ಣುಮಕ್ಕಳ ಕೂದಲು ಊರೂರಿನಿಂದ ಚೀಲಗಟ್ಟಲೆ ನಮ್ಮಲ್ಲಿಗೆ ಬರುತ್ತದೆ. ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಕಟ್ಟಬೇಕು. ಮುಂಜಾನೆ ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕುಳಿತರೆ ಮಧ್ಯಾಹ್ನದ ರೊಟ್ಟಿಗೆ ಏಳುವುದು, ಮತ್ತೆ ಕುಳಿತರೆ ದೀಪ ಹಚ್ಚುವ ಹೊತ್ತಿಗೆ. ಮೂಗಿಗೆ ಸೆರಗು ಕಟ್ಟಿಕೊಂಡರೂ ಕೂದಲಿನ ಧೂಳು ಗಂಟಲಲ್ಲಿ ಇಳಿಯುತ್ತಿತ್ತು. ಆರು ವರ್ಷ ಹಾಗೆ ಕುಳಿತವರು ನಾವು.

ನಡುನಡುವೆ ಓದಿಕೊಂಡು ಪೊಲೀಸ್ ಭರ್ತಿಯ ಲಿಖಿತ ಪರೀಕ್ಷೆ ಬರೆದಿದ್ದೆವು. ಇಬ್ಬರೂ ಪಾಸಾದೆವು. ಓಣಿಯಲ್ಲಿ ಯಾರೂ ನಂಬಲಿಲ್ಲ. ಇನ್ನು ಉಳಿದದ್ದು ಓಟ, ಉದ್ದಜಿಗಿತ, ಗುಂಡು ಎಸೆತ. ನನಗೆ ಇನ್ನೊಮ್ಮೆ ಬರೆಯಲು ವಯಸ್ಸಿತ್ತು. ಹುಲಿಗಿಗೆ ಇರಲಿಲ್ಲ. ಅದು ಅವಳ ಕಡೆಯ ಸರತಿ. ತಂದೆ ಇಲ್ಲದ ಮನೆ, ತಾಯಿ ಯಂಕವ್ವನದೂ ಅದೇ ಕೂದಲಿನ ಕೆಲಸ. ಹುಲಿಗಿ ಒಮ್ಮೆ ನನಗೆ ಹೇಳಿದ್ದಳು: "ಅವ್ವಗ ಕೂದಲಾ ಬಿಡಸ್ಯಾ ಬಿಡಸ್ಯಾ ಕಣ್ಣ ಹೊಂಟಾವ. ನಾ ಒಮ್ಮಿ ಖಾಕಿ ಹಾಕ್ಕೊಂಡ್ನಿ ಅಂದ್ರ ಅಕಿ ಒಂದೆಳಿ ಕೂದಲಾ ಮುಟ್ಟಬಾರದು ನೋಡು."

ಕಾರ್ತಿಕ ಮುಗಿದು ಚಳಿ ಶುರುವಾಗುವ ಹೊತ್ತಿಗೆ ನಾವು ಮೈದಾನಕ್ಕೆ ಹೋಗಲು ಆರಂಭಿಸಿದೆವು. ನಮ್ಮಪ್ಪ ಬೇಡವೆನ್ನಲಿಲ್ಲ. ಅಣ್ಣ ಮಾತ್ರ ಕತ್ತಲಲ್ಲಿ ಹೆಣ್ಣುಮಕ್ಕಳು ಊರಾಚೆ ಓಡುವುದು ಚಂದವಲ್ಲ ಎಂದ. ಮೂರು ದಿನ ಮಾತಾಗಿ ಕೊನೆಗೆ ಒಂದು ಕರಾರಿಗೆ ಒಪ್ಪಿದ: "ಇಬ್ರೂ ಕೂಡಿ ಹೋಗಬೇಕು, ಇಬ್ರೂ ಕೂಡಿ ಬರಬೇಕು. ಹುಲಿಗಿ ಬರಲಿಲ್ಲ ಅಂದ್ರ ನೀನೂ ಹೋಗಂಗಿಲ್ಲ." ನಾನು ಆಗ ನಕ್ಕು ತಲೆಯಾಡಿಸಿದ್ದೆ.

ರೈಲು ಹಳಿ ದಾಟಿ ಕೊಪ್ಪಳದ ಕಡೆ ನಡೆಯುವಾಗ ಬೆಳಕು ಇನ್ನೂ ಹರಿದಿರುತ್ತಿರಲಿಲ್ಲ. ಕೋಟೆಗುಡ್ಡದ ಬಂಡೆಗಳು ಕಪ್ಪಗೆ ನಿಂತಿರುತ್ತಿದ್ದವು. ಮೂಡಗಾಳಿ ಕಿವಿಯೊಳಗೆ ಕೊರೆಯುತ್ತಿತ್ತು. ಮೊದಲ ದಿನ ಒಂದು ಸುತ್ತು ಓಡುವುದರೊಳಗೆ ಇಬ್ಬರೂ ಕುಳಿತುಬಿಟ್ಟೆವು. ಉಸಿರಿನ ತೊಂದರೆ ಒಂದು ಕಡೆ. ಕಾಲೇ ಮುಂದೆ ಬರುತ್ತಿರಲಿಲ್ಲ. ಹೆಜ್ಜೆ ಉದ್ದ ಹಾಕಬೇಕೆಂದರೆ ಸೊಂಟದ ಹತ್ತಿರ ಯಾರೋ ಹಗ್ಗ ಬಿಗಿದು ಹಿಂದಕ್ಕೆ ಎಳೆದ ಹಾಗೆ. ಹುಲಿಗಿಗೆ ಅದು ನನಗಿಂತ ಹೆಚ್ಚು. ಮೊಬೈಲಿನಲ್ಲಿ ನೋಡಿದೆವು. ಯಾರೋ ಹುಡುಗಿ ಅಂಗಾಲು ಜೋಡಿಸಿ ಕುಳಿತು ಮೊಣಕಾಲುಗಳನ್ನು ಚಿಟ್ಟೆಯ ರೆಕ್ಕೆಯ ಹಾಗೆ ನೆಲಕ್ಕೆ ತಾಗಿಸುತ್ತಿದ್ದಳು. ಹುಲಿಗಿ ಹಾಗೆ ಕುಳಿತರೆ ಮೊಣಕಾಲು ನೆಲದಿಂದ ಗೇಣುದ್ದ ಮೇಲೆ. "ಒತ್ತಲೇ ದ್ಯಾಮಿ" ಎಂದಳು. ನಾನು ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಅವಳು "ಯವ್ವಾ" ಎಂದು ಚೀರಿದಳು.

"ಏ ಹುಡುಗಿ, ಅದೇನ್ ಬಾಗಲದ ಕದ ಅಂತ ತಿಳಕೊಂಡಿಯೇನು, ದೂಡಾಕ?"

ತಿರುಗಿ ನೋಡಿದರೆ ಸ್ವೆಟರಿನ ಮೇಲೆ ಸೆರಗು ಬಿಗಿದು, ಕ್ಯಾನ್ವಾಸ್ ಬೂಟು ಹಾಕಿಕೊಂಡ ವಯಸ್ಸಾದ ಹೆಂಗಸು ನಿಂತಿದ್ದರು. ನಿರ್ಮಲಾ ಮೇಡಂ ನಮಗೆ ಪರಿಚಯವಾದದ್ದು ಹಾಗೆ. ಕುಷ್ಟಗಿ, ಯಲಬುರ್ಗಾದ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ದಿನವೂ ಬೆಳಗ್ಗೆ ಅಲ್ಲಿ ವಾಕಿಂಗ್ ಬರುತ್ತಿದ್ದರು. ನಮ್ಮ ಕೆಲಸ ಏನೆಂದು ಕೇಳಿ ತಿಳಿದುಕೊಂಡು, ಹುಲಿಗಿಯನ್ನು ಮಲಗಿಸಿ, ಒಂದೊಂದು ಕಾಲನ್ನೂ ಮೆಲ್ಲಗೆ ಎತ್ತಿ ಮಡಚಿ ನೋಡಿದರು.

"ನೆಲದ ಮ್ಯಾಲ ಕುಂತೂ ಕುಂತೂ ತೊಡಿ ಮುಂದಿನ ಸ್ನಾಯು ಗಿಡ್ಡಾಗಿ ಬಿಗದಾವ. ಆರ ವರ್ಷದಾಗ ಬಿಗದದ್ದನ್ನ ಆರ ದಿನದಾಗ ಬಿಚ್ಚತೀನಿ ಅಂದ್ರ ಹರೀತಾವ" ಎಂದರು.

ಮರುದಿನದಿಂದ ಅವರೇ ಹೇಳಿಕೊಟ್ಟರು. ಮೊದಲು ಎರಡು ಸುತ್ತು ಬಿರುಸಾಗಿ ನಡೆಯಬೇಕು. ಮೈ ಬೆಚ್ಚಗಾಗದೆ ಯಾವ ಕೀಲನ್ನೂ ಎಳೆಯಬಾರದು. ಆಮೇಲೆ ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಬೆನ್ನು ನೆಟ್ಟಗೆ ಹಿಡಿದು ಸೊಂಟವನ್ನು ಮುಂದಕ್ಕೆ ಜಾರಿಸಬೇಕು. ಊರಿದ ಕಾಲಿನ ತೊಡೆಯ ಮುಂಭಾಗ ಎಳೆಯುತ್ತದೆ. ಅಲ್ಲಿಗೆ ನಿಂತು, ಉಸಿರು ಕಟ್ಟದೆ ಮೂವತ್ತು ಎಣಿಸಬೇಕು. ಕುಲುಕಬಾರದು. ನಂತರ ಅಂಗಾತ ಮಲಗಿ, ಒಂದು ಪಾದದ ಗಂಟನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಕೆಳಗಿನ ಕಾಲಿನ ತೊಡೆಯನ್ನು ಎದೆಯ ಕಡೆ ಎಳೆದುಕೊಳ್ಳಬೇಕು. ಬಲಕ್ಕೆ ಎಷ್ಟೋ ಎಡಕ್ಕೂ ಅಷ್ಟೇ.

"ಎಳದಂಗ ಆಗಬೇಕು, ಚುಚ್ಚಿದಂಗ ಆಗಬಾರದು" ಎನ್ನುತ್ತಿದ್ದರು. "ತೊಡಿ ಮುಂದ, ಕುಂಡಿ ಹಿಂದ ಜಗ್ಗಿದ್ರ ಛಲೋ. ತೊಡಿಸಂದ್ಯಾಗ ಆಳದಾಗಿಂದ ನೋವು ಬಂತಂದ್ರ ಅಲ್ಲಿಗೆ ಬಿಟ್ಟಬಿಡ್ರಿ. ಮತ್ತ ಒಬ್ಬರಿಗೊಬ್ಬರು ಒತ್ತಬ್ಯಾಡ್ರಿ. ನೋವು ನಿಮ್ಮ ಮೈಯಾಗ ಐತಿ, ಒತ್ತವರ ಕೈಯಾಗ ಇಲ್ಲ."

ಒಂದು ತಿಂಗಳಲ್ಲಿ ನಮ್ಮ ನಡಿಗೆಯೇ ಬೇರೆಯಾಯಿತು. ಕೆಲಸದ ನಡುವೆಯೂ ಗಂಟೆಗೊಮ್ಮೆ ಎದ್ದು ಗೋಡೆ ಹಿಡಿದು ಸೊಂಟ ಸಡಿಲಿಸಿಕೊಳ್ಳುತ್ತಿದ್ದೆವು. ಜೊತೆಯ ಹೆಂಗಸರು ನಗುತ್ತಿದ್ದರು. ಕೆಲವರು ತಾವೂ ಎದ್ದು ಮಾಡಿದರು. ಹುಲಿಗಿ ಮರಳಿನ ಗುಂಡಿಯಲ್ಲಿ ಮೊದಲ ಬಾರಿ ಪಾಸಾಗಲು ಬೇಕಾದ ದೂರದ ಗೆರೆ ದಾಟಿ ಜಿಗಿದ ದಿನ ಮಂಡಿಯವರೆಗೆ ಮರಳು ಮೆತ್ತಿಕೊಂಡು ಓಡಿ ಬಂದು ಮೇಡಂ ಕಾಲಿಗೆ ಬಿದ್ದಳು. ಅವರು, "ಏಳಬೇ ಹುಚ್ಚಿ, ಇನ್ನ ಭಾಳ ಐತಿ" ಎಂದರು. ಅವಳು ಅಷ್ಟು ಸಂತೋಷವಾಗಿರುವುದನ್ನು ನಾನು ಆಮೇಲೆ ನೋಡಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆಯ ದಿನ ಗೊತ್ತಾಯಿತು. ಅಲ್ಲಿಂದ ಹುಲಿಗಿ ನಿಲ್ಲಲಿಲ್ಲ. ಬೆಳಗ್ಗೆ ಓಡಿದ್ದು ಸಾಲದೆಂದು ಸಂಜೆಯೂ ಓಡತೊಡಗಿದಳು. ಅದು ಗಟ್ಟಿ ನೆಲ, ಅವಳ ಬೂಟಿನ ಅಡಿ ಸವೆದು ತೆಳ್ಳಗಾಗಿತ್ತು. ಊಟ ಮೊದಲೇ ಕಡಿಮೆ, ಮೈ ಹಗುರವಿದ್ದರೆ ಓಡಬಹುದೆಂದು ರಾತ್ರಿಯ ಒಂದು ರೊಟ್ಟಿಯನ್ನೂ ಬಿಟ್ಟಳು. ಮೂರು ತಿಂಗಳಾದರೂ ಮುಟ್ಟಾಗಿರಲಿಲ್ಲ. ನನಗೆ ಹೇಳಿ, "ಛಲೋನ ಆತು ಬಿಡು, ಓಡಾಕ ಅಡ್ಡಿ ಇಲ್ಲ" ಎಂದು ನಕ್ಕಳು. ನನಗೂ ಅದು ಸರಿಯೆಂದೇ ಅನಿಸಿತು. ಮೇಡಂಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ನಂತರ ಬಲಗಾಲಿನ ತೊಡೆಸಂದಿಯಲ್ಲಿ ನೋವು ಬಂತು. ಮೊದಮೊದಲು ಓಡಿ ಮುಗಿಸಿದ ಮೇಲೆ ಮಾತ್ರ. ವಾರದೊಳಗೆ ಓಡುವಾಗಲೂ. ಹಳೆಯ ಬಿಗಿತವೇ ಮತ್ತೆ ಬಂದಿದೆ ಎಂದುಕೊಂಡೆವು. ಬಿಗಿದದ್ದಾದರೆ ಜಗ್ಗಿದರೆ ಹೋಗಬೇಕು. ಮೇಡಂ ಬರುವುದಕ್ಕೆ ಮುಂಚೆ, ಮೈದಾನದ ಮೂಲೆಯ ಬೇವಿನ ಮರದ ಹಿಂದೆ, ಹುಲಿಗಿ ಅಂಗಾಲು ಜೋಡಿಸಿ ಕುಳಿತುಕೊಳ್ಳುತ್ತಿದ್ದಳು. ಯಂಕವ್ವ ಕಾಯಿಸಿ ಸಣ್ಣ ಬಾಟಲಿಯಲ್ಲಿ ಕೊಟ್ಟ ಕರ್ಪೂರದೆಣ್ಣೆಯನ್ನು ನಾನು ತಿಕ್ಕುತ್ತಿದ್ದೆ. ಆಮೇಲೆ ಒತ್ತುತ್ತಿದ್ದೆ.

"ಇನ್ನ ಒತ್ತು."

"ನೋಯಂಗಿಲ್ಲೇನು?"

"ನೋಯಲಿ ಬಿಡು. ಇನ್ನ ಹದಿನೈದ ದಿನ. ಒತ್ತು ನೀ."

ಅವಳ ಹಣೆಯ ಮೇಲೆ ಆ ಚಳಿಯಲ್ಲೂ ಬೆವರು ಮೂಡುತ್ತಿತ್ತು. ನನ್ನ ಅಂಗೈಗೆ ಅವಳ ತೊಡೆ ನಡುಗುವುದು ತಿಳಿಯುತ್ತಿತ್ತು. ಮೇಡಂ ಹೇಳಿದ್ದು ನನಗೆ ಮರೆತಿರಲಿಲ್ಲ. ಆದರೂ ಒತ್ತಿದೆ. ಅವಳೇ ಕೇಳುತ್ತಿದ್ದಾಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳು ಕುಂಟುವುದನ್ನು ಮುಚ್ಚಿಡಲು ಬಹಳ ಪ್ರಯತ್ನಪಟ್ಟಳು. ಮೇಡಂ ಎದುರಿಗೆ ಬಂದರೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಕುಳಿತುಬಿಡುತ್ತಿದ್ದಳು. ಮುಂದೊಂದು ದಿನ ಯಂಕವ್ವನಿಗೆ ಜ್ವರ ಬಂತು. ಹುಲಿಗಿ ಮೈದಾನದಲ್ಲಿ ಎರಡೇ ಸುತ್ತು ಓಡಿ, ಮಾತ್ರೆ ತರಬೇಕೆಂದು ಬೇಗ ಹೊರಟಳು. ಗೇಟಿನವರೆಗೆ ಹೋಗುವುದನ್ನು ಮೇಡಂ ದೂರದಿಂದ ನೋಡುತ್ತಾ ನಿಂತಿದ್ದರು. ಯಾರೂ ನೋಡುತ್ತಿಲ್ಲವೆಂದು ಅವಳು ಬಲಗಾಲನ್ನು ಎಳೆದುಕೊಂಡೇ ನಡೆದಳು. ನಾನೂ ಹೊರಡಬೇಕೆಂದು ಶಾಲು ತೆಗೆದುಕೊಳ್ಳುವಾಗ ಮೇಡಂ ನನ್ನ ತೋಳು ಹಿಡಿದರು.

"ಅಕಿಗೆ ಎಷ್ಟ ದಿನದಿಂದ ನೋಯಾಕತ್ತೈತಿ?"

"ಒಂದ ಹದಿನೈದ ದಿನ ಆತ್ರಿ."

"ಎಲ್ಲೆ? ತೊಡಿಸಂದ್ಯಾಗೇನು? ಕಾಲ ಊರಿದ್ರ ಹೆಚ್ಚಾಕ್ಕತೇನು? ಸುಮ್ಮನ ಮಲಕ್ಕೊಂಡಾಗೂ ನೋಯತೈತೇನು?"

ಎಲ್ಲಕ್ಕೂ ಹೌದೆಂದೆ. ಅವರ ಮುಖ ಬಿಗಿಯಿತು.

"ಕೇಳಿಲ್ಲೆ. ಇದು ಸ್ನಾಯು ಬಿಗದಿದ್ದಲ್ಲ. ಎಲುವಿನ ನೋವು. ನಾ ಸಾಲ್ಯಾಗ ಒಂದ ಹುಡಿಗಿದು ಹಿಂಗ ನೋಡೀನಿ. ಇವತ್ತಿಂದ ಅಕಿ ಓಡಬಾರದು, ಜಗ್ಗಬಾರದು, ಜಿಗೀಬಾರದು. ನಾಳೆನ ದವಾಖಾನಿಗೆ ಹೋಗಿ ಎಕ್ಸರೇ ಫೋಟೋ ತಗಸಬೇಕು. ಅದರಾಗ ಕಾಣಲಿಲ್ಲಂದ್ರ ದೊಡ್ಡ ಸ್ಕ್ಯಾನಿಂಗ್ ಮಾಡಸಬೇಕು. ನಾ ಮಗಳ ಊರಿಗೆ ಹೊಂಟೀನಿ, ಬರೋದು ಎರಡ ವಾರ ಆಕ್ಕತಿ. ನೀ ಇವತ್ತ ಅಕಿಗೆ ಹೇಳು. ಅವರವ್ವಗೂ ಹೇಳು. ಹೇಳ್ತಿಯಿಲ್ಲೋ?"

"ಹೇಳ್ತೀನ್ರಿ."

"ಪರೀಕ್ಷೆ ಹೋದ್ರ ಹೋತು. ಕಾಲ ಉಳೀತದ."

ಅಲ್ಲಿಂದ ಭಾಗ್ಯನಗರಕ್ಕೆ ನಡೆದು ಬರಲು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಈ ಏಳು ವರ್ಷದಲ್ಲಿ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಹೇಳಬೇಕೆಂದೇ ಹೊರಟೆ. ರೈಲು ಹಳಿಯ ಹತ್ತಿರ ಗೂಡ್ಸ್ ಗಾಡಿ ಹೋಗುವವರೆಗೆ ನಿಂತಾಗ ಅಣ್ಣನ ಮಾತು ನೆನಪಾಯಿತು. ಹುಲಿಗಿ ನಿಂತರೆ ನಾನೂ ನಿಲ್ಲಬೇಕು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಗುಂಡು ಎಸೆತ ನನಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಹನ್ನೆರಡು ದಿನ ಮನೆಯಲ್ಲಿ ಕುಳಿತರೆ ನನ್ನದು ಮುಗಿಯಿತು. ಗಾಡಿ ದಾಟಿತು. ಕೊನೆಯ ಡಬ್ಬಿ ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಅವರ ಮನೆಗೆ ಹೋದಾಗ ಯಂಕವ್ವ ಕಂಬಳಿ ಹೊದ್ದು ಮಲಗಿದ್ದಳು. ಹುಲಿಗಿ ಬಾಗಿಲ ಹತ್ತಿರ ಬಲಗಾಲು ಚಾಚಿ ಕುಳಿತು ಕೂದಲು ಬಿಡಿಸುತ್ತಿದ್ದಳು.

"ಮೇಡಂ ಏನಾರ ಅಂದ್ರೇನು? ನಾ ಕುಂಟೋದು ನೋಡಿದ್ರೇನು?" ಎಂದು ಕೇಳಿದಳು. ಕಣ್ಣಲ್ಲಿ ಭಯವಿತ್ತು.

"ನೋಡಿದ್ರು. ಸಾವಕಾಶ ಜಗ್ಗಾಕ ಹೇಳು ಅಂದ್ರು. ಭಾಳ ಓಡಬ್ಯಾಡ ಅಂದ್ರು. ಮತ್ತೇನಿಲ್ಲ."

ಒಳಗಿನಿಂದ ಯಂಕವ್ವ, "ದವಾಖಾನಿಗೆ ತೋರಸ ಅಂದ್ರೇನವ್ವ?" ಎಂದಳು.

"ಪರೀಕ್ಷೆ ಮುಗದ ಮ್ಯಾಲ ತೋರಸಿದ್ರಾತು ಬಿಡಬೇ" ಎಂದೆ.

ಹುಲಿಗಿಯ ಮುಖ ಅರಳಿತು. ಆ ನಗು ನೋಡಿ ಅವಳಿಗೂ ಇದೇ ಬೇಕಿತ್ತು ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಮುಂಜಾನೆ ಇಬ್ಬರೂ ಕೂಡಿಯೇ ಮೈದಾನಕ್ಕೆ ಹೋದೆವು. ನಾನು ಒತ್ತುವುದನ್ನು ನಿಲ್ಲಿಸಿದೆ. ಅಷ್ಟು ಮಾತ್ರ ನನ್ನಿಂದಾಯಿತು.

ಪರೀಕ್ಷೆಯ ದಿನ ಬಿಸಿಲು ಬೇಗ ಏರಿತ್ತು. ಹುಲಿಗಿ ಎರಡು ನೋವಿನ ಮಾತ್ರೆ ನುಂಗಿ ಬಂದಿದ್ದಳು. ಓಟದಲ್ಲಿ ಅವಳ ತಂಡ ನನ್ನದಕ್ಕಿಂತ ಮುಂಚೆ. ಮೈದಾನದ ಒಂದು ಸುತ್ತು, ಅಷ್ಟೇ. ನಾನು ನೆರಳಿನಲ್ಲಿ ಸರತಿಗೆ ಕುಳಿತಿದ್ದೆ. ಸೀಟಿ ಊದಿದರು. ಅವಳು ಚೆನ್ನಾಗಿಯೇ ಓಡಿದಳು. ಅರ್ಧ ಸುತ್ತಿನಲ್ಲಿ ಮೂರನೆಯವಳಾಗಿದ್ದಳು, ಹೆಜ್ಜೆ ಉದ್ದವಾಗಿ ಬೀಳುತ್ತಿತ್ತು. ಕೊನೆಯ ತಿರುವಿನಲ್ಲಿ ಬಲಗಾಲು ಊರಿದಳು. ಆ ಕಾಲು ಅವಳನ್ನು ಹೊರಲಿಲ್ಲ. ಎಡವಿದಂತೆ ಕಾಣಲಿಲ್ಲ, ಜಾರಿದಂತೆಯೂ ಅಲ್ಲ. ನಿಂತ ಗೋಡೆ ಕುಸಿದ ಹಾಗೆ ಕುಸಿದಳು. ಹಿಂದಿದ್ದವರು ಅವಳನ್ನು ದಾಟಿ ಓಡಿದರು.

ಅವಳು ಏಳಲು ನೋಡಿದಳು. ಎರಡೂ ಕೈ ಊರಿ, ಎಡಗಾಲಿನಿಂದ ತಳ್ಳಿ, ಗೆರೆಯ ಕಡೆ ಮಾರುದ್ದ ತೆವಳಿದಳು. ಬಲಗಾಲಿನ ಪಾದ ಹೊರಗೆ ಹೊರಳಿ ಬಿದ್ದಿತ್ತು. ಆಗ ಅವಳು ಕೂಗಿದ ದನಿ ಮನುಷ್ಯರದ್ದಾಗಿರಲಿಲ್ಲ. ಸ್ಟ್ರೆಚರ್ ತಂದರು. ನಾನು ಎದ್ದು ನಾಲ್ಕು ಹೆಜ್ಜೆ ಹೋಗಿದ್ದೆ. ಅಷ್ಟರಲ್ಲಿ ನನ್ನ ತಂಡವನ್ನು ಕರೆದರು. ಅಲ್ಲಿದ್ದವರೊಬ್ಬರು ಕೇಳಿದರು: "ಓಡ್ತಿಯೋ ಇಲ್ಲೋ ಹೇಳವ್ವ, ಇಲ್ಲಾಂದ್ರ ಹೆಸರು ಹೊಡದ ಹಾಕಬೇಕು."

ನಾನು ಓಡಿದೆ. ಅವಳು ಬಿದ್ದ ಜಾಗದ ಮಣ್ಣು ಕೆದರಿತ್ತು. ಅದನ್ನು ಬಳಸಿ ಓಡಿದೆ. ಗುಂಡೂ ಎಸೆದೆ, ಜಿಗಿದೆ. ಮೂರರಲ್ಲೂ ಪಾಸಾದೆ.

ಅವಳನ್ನು ಕೊಪ್ಪಳದಿಂದ ಹುಬ್ಬಳ್ಳಿಗೆ ಕಳಿಸಿದ್ದರು. ನಾಲ್ಕನೆಯ ದಿನ ಅಪ್ಪನ ಜೊತೆ ನೋಡಲು ಹೋದೆ. ತೊಡೆಯೆಲುಬಿನ ಕತ್ತಿನ ಹತ್ತಿರ ಮುರಿದು ಜರುಗಿತ್ತು, ತಿರುಪು ಮೊಳೆ ಹಾಕಿ ಜೋಡಿಸಿದ್ದರು. ಡಾಕ್ಟರು ಬಿದ್ದ ದಿನ ತೆಗೆದ ಫೋಟೋವನ್ನು ಬೆಳಕಿಗೆ ಹಿಡಿದು ಯಂಕವ್ವನಿಗೆ ತೋರಿಸುತ್ತಿದ್ದರು. "ಇದು ಬಿದ್ದು ಮುರದದ್ದಲ್ಲಮ್ಮ, ಮುರದು ಬಿದ್ದದ್ದು. ವಾರಗಟ್ಟಲೆ ಮೊದಲ ಎಳಿಯಷ್ಟು ಬಿರುಕು ಬಿಟ್ಟಿರಬೇಕು. ನೋವು ಅಂದಾಗ ಕರಕೊಂಡು ಬಂದಿದ್ರ ಕಾಲಿಗೆ ಭಾರ ಹಾಕದಂಗ ಮಲಗಿಸಿ, ಬೇಕಾದ್ರ ಸಣ್ಣ ಆಪರೇಷನ್ ಮಾಡಿ ಉಳಸಬಹುದಿತ್ತು. ಈಗ ಕೀಲಿನೊಳಗಿನ ಗುಂಡಿನಂಥಾ ಎಲುವಿಗೆ ರಕ್ತ ಹೋಗ್ತದೋ ಇಲ್ಲೋ ಹೇಳಾಕ ಬರಂಗಿಲ್ಲ."

ಯಂಕವ್ವ ಅದನ್ನೆಲ್ಲ ಕೇಳಿ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. "ನೀ ಜೋಡಿ ಇದ್ದಿ ಅಂತ ನನಗ ಧೈರ್ಯ ಇತ್ತವ್ವ" ಎಂದಳು. ದೂರಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದಳು.

ಅದಕ್ಕಿಂತ ಕೆಟ್ಟ ಕೆಲಸವನ್ನು ನಾನು ಆಮೇಲೆ ಮಾಡಿದೆ. ಮೇಡಂ ಊರಿನಿಂದ ಬಂದವರು ಸುದ್ದಿ ಕೇಳಿ ನಮ್ಮ ಮನೆಗೇ ಬಂದರು. ಅಂಗಳದಲ್ಲಿ ನಿಂತೇ ಕೇಳಿದರು: "ಅವತ್ತ ಹೇಳಿದ್ದಿಲ್ಲೋ ನೀನು?"

"ಹೇಳಿದ್ನಿರಿ ಮೇಡಂ. ಅಕಿ ಕೇಳಲಿಲ್ಲ."

ಅವರು "ಹಟಮಾರಿ" ಎಂದರು. "ಅಷ್ಟ ಹೇಳಿ ಕಳಿಸಿದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿ, ಕಣ್ಣೊರೆಸಿಕೊಂಡು ಹೊರಟುಹೋದರು. ಎರಡು ವರ್ಷದ ನಂತರ ತೀರಿಕೊಂಡರು. ನಾನು ಆಗ ತರಬೇತಿ ಮುಗಿಸಿ ಕೆಲಸದಲ್ಲಿದ್ದೆ. ಮಣ್ಣಿಗೆ ಹೋಗಲಿಲ್ಲ.

ಡಾಕ್ಟರು ಹೆದರಿದಂತೆಯೇ ಆಯಿತು. ವರ್ಷದೊಳಗೆ ಹುಲಿಗಿಯ ಕೀಲಿನ ಗುಂಡು ರಕ್ತವಿಲ್ಲದೆ ಒಣಗಿ ಕುಸಿಯಿತು. ಮತ್ತೊಂದು ಆಪರೇಷನ್ ಆಯಿತು. ಈಗ ಬಲಗಾಲು ಎಡಗಾಲಿಗಿಂತ ಗಿಡ್ಡ. ನೆಲಕ್ಕೆ ಕುಳಿತುಕೊಳ್ಳುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಮಂಚದ ಅಂಚಿಗೆ ಕುಳಿತು, ಎದುರಿಗೆ ಸ್ಟೂಲಿಟ್ಟುಕೊಂಡು ಮನೆಯಲ್ಲೇ ಕೂದಲು ಬಿಡಿಸುತ್ತಾಳೆ. ಯಂಕವ್ವನೂ ಅದೇ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನಾನು ಅವರ ಮನೆಗೆ ಹೋಗುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ಒಮ್ಮೆ ಸೀರೆ ಒಯ್ದೆ. ಹುಲಿಗಿ ನನ್ನ ಕೆಲಸದ ಕತೆಗಳನ್ನು ಕೇಳುತ್ತಿದ್ದಳು. ಹೇಳಬೇಕಾದ ಮಾತು ಪ್ರತಿ ಸಲವೂ ಬಾಯಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಹೋದ ಚಳಿಗಾಲದಲ್ಲಿ, ಮೈದಾನದಲ್ಲಿ ಆ ಹುಡುಗಿಯನ್ನು ಗದರಿಸಿದ ದಿನ, ಡ್ಯೂಟಿ ಮುಗಿದ ಮೇಲೆ ಗಂಗಾವತಿಯ ಬಸ್ಸು ಹತ್ತಲಿಲ್ಲ. ಸಮವಸ್ತ್ರದಲ್ಲೇ ಭಾಗ್ಯನಗರಕ್ಕೆ ನಡೆದೆ. ಸಂಜೆ ಇನ್ನೂ ಆಗಿರಲಿಲ್ಲ. ಹುಲಿಗಿ ಕಿಟಕಿಯ ಬೆಳಕಿಗೆ ಮಂಚದ ಅಂಚಿನಲ್ಲಿ ಕುಳಿತು ಕೂದಲು ಬಿಡಿಸುತ್ತಿದ್ದಳು. ಯಂಕವ್ವ ನನ್ನನ್ನು ನೋಡಿ ಖುಷಿಯಿಂದ, "ಬಾ ಯವ್ವ, ಹಬ್ಬಿಲ್ಲ ಹುಣ್ಣಿವಿಲ್ಲ, ಇವತ್ತ ಹ್ಯಾಂಗ ಬಂದಿ?" ಎಂದು ಕೇಳುತ್ತಲೇ ಒಳಗೆ ಹೋಗಿ ಒಲೆ ಹೊತ್ತಿಸಿದಳು.

ನಾನು ಮಂಚದ ಎದುರಿಗೆ ನೆಲಕ್ಕೆ ಕುಳಿತು ಎಲ್ಲವನ್ನೂ ಹೇಳಿದೆ. ಮೇಡಂ ತೋಳು ಹಿಡಿದು ಹೇಳಿದ್ದು, ಅಣ್ಣನ ಕರಾರು, ಹಳಿಯ ಹತ್ತಿರ ನಿಂತದ್ದು, ಮನೆಗೆ ಬಂದು ಏನೂ ಇಲ್ಲವೆಂದದ್ದು. ಆಮೇಲೆ ಮೇಡಂಗೆ ಹೇಳಿದ ಸುಳ್ಳು. ಹುಲಿಗಿಯ ಕೈ ಮೊದಲು ನಿಧಾನವಾಯಿತು, ನಂತರ ನಿಂತಿತು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತ ನೀ ಹೇಳಿದ್ರ ನಾ ನಿಂದರತಿದ್ನೋ ಇಲ್ಲೋ, ಗೊತ್ತಿಲ್ಲ" ಎಂದಳು. "ಓಡೇ ಬಿಡತಿದ್ನೇನೋ. ಆದ್ರ ಅದನ್ನ ನಾ ಲೆಕ್ಕಾ ಹಾಕಬೇಕಿತ್ತು, ದ್ಯಾಮಿ. ನನ್ನ ಕಾಲದು."

ಅವಳು ಬಾಗಿಲ ಕಡೆ ತಿರುಗಿದಳು.

"ಮೇಡಂ ಎರಡ ವರ್ಷ ಬದಕಿದ್ರು. ಒಮ್ಮಿನೂ ನನ್ನ ನೋಡಾಕ ಬರಲಿಲ್ಲ. ನಾ ಮಂಚದ ಮ್ಯಾಲ ಬಿದ್ದು ದಿನಾ ಬಾಗಲಾ ನೋಡತಿದ್ನಿ. ಏನ್ ತಪ್ಪ ಮಾಡೀನಿ ಅಂತ ಕುಂತು ಅಳತಿದ್ನಿ." ಅವಳು ಕೈಯಲ್ಲಿದ್ದ ಕೂದಲಿನ ಕಟ್ಟನ್ನು ಸ್ಟೂಲಿನ ಮೇಲಿಟ್ಟಳು. "ಇವತ್ತ ತಿಳೀತು."

ಒಳಗೆ ಯಂಕವ್ವ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಹುಲಿಗಿ ಅತ್ತ ತಿರುಗಿ ಹೇಳಿದಳು:

"ಚಾ ಮಾಡಬ್ಯಾಡಬೇ ಅವ್ವ. ದ್ಯಾಮಿ ಹೊಂಟಾಳ."

ನಾನು ಇನ್ನೂ ಎದ್ದಿರಲಿಲ್ಲ.